ತುರ್ತು: ಚಂದಾ ವ್ಯವಹಾರದ 'ಚರ್ನ್'ಗೆ ಕನ್ನಡದಲ್ಲಿ ಏನು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ಪದ ಇವತ್ತೇ ಬೇಕು. ಪುಟ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ.

ಡಿಜಿಟಲ್ ಸುದ್ದಿ ಸಂಸ್ಥೆಗಳು ಜಾಹೀರಾತಿನ ಆಸೆ ಬಿಟ್ಟು ಓದುಗರ ಚಂದಾ ಹಣದ ಮೇಲೆ ನಿಲ್ಲಲು ಹೊರಟಿರುವ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ಅದರಲ್ಲಿ 'ಚರ್ನ್' ಅನ್ನೋ ಪದ ಹದಿನೇಳು ಸಲ ಬರುತ್ತದೆ. ತಿಂಗಳ ಮೊದಲು ಇದ್ದ ಚಂದಾದಾರರಲ್ಲಿ ತಿಂಗಳ ಕೊನೆಗೆ ಎಷ್ಟು ಪಾಲು ಜನ ಇಲ್ಲವಾದರು ಅನ್ನುವ ಲೆಕ್ಕ ಅದು. ನನ್ನ ಕೈಗೆ ಬಂದ ಹಳೆಯ ಕರಡಿನಲ್ಲಿ 'ಚಂದಾದಾರರ ಮಂಥನ' ಅಂತ ಇದೆ. ಹಾಗೆ ಬರೆದರೆ ಚಂದಾದಾರರೆಲ್ಲ ಒಟ್ಟಿಗೆ ಕೂತು ಏನೋ ಚರ್ಚೆ ಮಾಡಿದರು ಅಂತಲೇ ಓದುಗರು ತಿಳಿಯುತ್ತಾರೆ.

ಪದ ಎರಡು ಕಡೆ ಹೊಂದಬೇಕು. ವಾಕ್ಯದ ಒಳಗೆ ಒಂದು, ಕೋಷ್ಟಕದ ತಲೆಬರಹದಲ್ಲಿ ಇನ್ನೊಂದು. ಕೋಷ್ಟಕದ ಕಾಲಂ ಕಿರಿದು, ಏಳೆಂಟು ಅಕ್ಷರಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ದಯವಿಟ್ಟು ಬೇಗ ಹೇಳಿ.

ಮರು 1

ಕಡೆತ. ಮೊಸರು ಕಡೆಯುವುದೇ ಚರ್ನ್. ಕಡೆಗೋಲು ಇರುವ ಭಾಷೆಯಲ್ಲಿ ಈ ಪದಕ್ಕೆ ಹುಡುಕಾಟ ಯಾಕೆ?

ಮರು 2

> ಕಡೆತ

ಬೇಡ. ಕಡೆದರೆ ಬೆಣ್ಣೆ ಬರುತ್ತದೆ. ಕನ್ನಡದಲ್ಲಿ ಕಡೆಯುವುದು ಒಳ್ಳೆಯದನ್ನು ಮೇಲೆ ತರುವ ಕೆಲಸ. ಇಲ್ಲಿ ಕೈಯಲ್ಲಿದ್ದದ್ದೇ ಹೋಗುತ್ತಿದೆ. ಇಂಗ್ಲಿಷಿನವರಿಗೆ ಅಲ್ಲಿ ಬೆಣ್ಣೆ ಕಾಣದೆ ಬರೀ ತಿರುಗಾಟ ಕಂಡಿತು, ಅದು ಅವರ ಪಾಡು. ತೂತು ಮಡಕೆಗೆ ನೀರು ಹೊಯ್ದ ಹಾಗೆ ಅಂತ ನಾವು ಹೇಳುತ್ತೇವಲ್ಲ, ಅದೇ ಇದು. 'ಸೋರಿಕೆ' ಸಾಕು. ಚಂದಾದಾರರ ಸೋರಿಕೆ.

ಮರು 3

ಸೋರಿಕೆ ಹತ್ತು ವರ್ಷದ ಹಿಂದೆ ನಡೆಯುತ್ತಿತ್ತೇನೋ. ಈಗ ಮಾಹಿತಿ ಸೋರಿಕೆ, ಪ್ರಶ್ನೆಪತ್ರಿಕೆ ಸೋರಿಕೆ ಅಂತ ಓದಿ ಓದಿ ಆ ಪದಕ್ಕೆ ಬೇರೆಯೇ ಅರ್ಥ ಅಂಟಿಕೊಂಡಿದೆ. 'ಚಂದಾದಾರರ ಸೋರಿಕೆ ಹೆಚ್ಚಳ' ಅಂತ ತಲೆಬರಹ ಹಾಕಿ ನೋಡಿ. ನಮ್ಮ ಹೆಸರು, ಫೋನ್ ನಂಬರು ಎಲ್ಲ ಹೊರಗೆ ಹೋಯಿತು ಅಂತ ಓದುಗರು ಗಾಬರಿಯಾಗುತ್ತಾರೆ.

ಮೇಡಂ, ನನ್ನ ಸಲಹೆ 'ಚಂದಾ ಬಿಟ್ಟವರು'. 'ಶಾಲೆ ಬಿಟ್ಟವರು' ಅಂತ ಆಗಲೇ ಇದೆ. ಹಳ್ಳಿಯ ಅಜ್ಜಿಗೂ ಗೊತ್ತು, ಸರ್ಕಾರಿ ವರದಿಯಲ್ಲೂ ಇದೆ. ಅದೇ ಅಚ್ಚಿನಲ್ಲಿ ಇದನ್ನೂ ಹೊಯ್ಯಬಹುದು. ವಾಕ್ಯದಲ್ಲಿ 'ಚಂದಾ ಬಿಟ್ಟವರ ಪ್ರಮಾಣ', ಕೋಷ್ಟಕದಲ್ಲಿ 'ಬಿಟ್ಟವರು (ಶೇ.)'. ಹೊಸ ಪದ ಕಟ್ಟುವ ಕೆಲಸವೇ ಇಲ್ಲ.

ಪದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಈ ಲೆಕ್ಕವನ್ನು ಅನುವಾದಕರು ಬಹಳ ಸಲ ತಪ್ಪಾಗಿ ಬರೆಯುತ್ತಾರೆ. ತಿಂಗಳಿಗೆ ಶೇ. 5 ಜನ ಬಿಡುತ್ತಾರೆ ಅಂದರೆ ಕೇಳುವುದಕ್ಕೆ ಸಣ್ಣದು. 1,000 ಜನರಿಂದ ಶುರು ಮಾಡಿ. ಮೊದಲ ತಿಂಗಳು 50 ಹೋದರು, ಉಳಿದದ್ದು 950. ಎರಡನೇ ತಿಂಗಳು ಆ 950ರಲ್ಲಿ ಶೇ. 5. ಹೀಗೆ ಹನ್ನೆರಡು ತಿಂಗಳು ಕಳೆದರೆ ಉಳಿಯುವುದು ಸುಮಾರು 540. ವರ್ಷದಲ್ಲಿ ಅರ್ಧಕ್ಕೆ ಹತ್ತಿರ ಖಾಲಿ! ಅದೇ ಶೇ. 2 ಆಗಿದ್ದರೆ ಸುಮಾರು 785 ಜನ ಇರುತ್ತಿದ್ದರು. ಈ ಮೂರು ಅಂಕದ ವ್ಯತ್ಯಾಸದಲ್ಲೇ ಒಂದು ಪತ್ರಿಕೆ ಉಳಿಯುತ್ತದೆ ಅಥವಾ ಮುಚ್ಚುತ್ತದೆ. ಆದ್ದರಿಂದ 'ತಿಂಗಳಿಗೆ' ಅನ್ನುವ ಮಾತನ್ನು ಯಾವ ಕಾರಣಕ್ಕೂ ಬಿಡಬೇಡಿ. 'ಶೇ. 5 ಜನ ಚಂದಾ ಬಿಟ್ಟರು' ಅಂತ ಸುಮ್ನೆ ಬರೆದರೆ ವರ್ಷದ ಲೆಕ್ಕ ಅಂದುಕೊಳ್ಳುತ್ತಾರೆ.

ಇನ್ನೊಂದು. ಬಿಟ್ಟವರು ಬೇರೆ, ಕಡಿಮೆಯಾದದ್ದು ಬೇರೆ. 2022ರ ಮೊದಲ ಮೂರು ತಿಂಗಳಲ್ಲಿ ನೆಟ್‌ಫ್ಲಿಕ್ಸ್ 2 ಲಕ್ಷ ಚಂದಾದಾರರನ್ನು ಕಳೆದುಕೊಂಡಿತು ಅಂತ ಎಲ್ಲ ಕಡೆ ಬಂತು. ಹತ್ತು ವರ್ಷಕ್ಕೂ ಮೇಲ್ಪಟ್ಟು ಅಂಥದ್ದು ಆಗಿರಲಿಲ್ಲ, ಷೇರಿನ ಬೆಲೆ ಮರುದಿನವೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕುಸಿಯಿತು. ಆದರೆ ಆ 2 ಲಕ್ಷ, ಹೋದವರ ಲೆಕ್ಕದಿಂದ ಹೊಸದಾಗಿ ಬಂದವರನ್ನು ಕಳೆದು ಉಳಿದ ಅಂಕಿ. ನಿಜವಾಗಿ ಹೊರಟುಹೋದವರು ಅದಕ್ಕಿಂತ ಎಷ್ಟೋ ಪಟ್ಟು. ಅದನ್ನು 'ಚಂದಾ ಬಿಟ್ಟವರು 2 ಲಕ್ಷ' ಅಂತ ಬರೆದರೆ ತಪ್ಪು.

ಮರು 4

'ಬಿಟ್ಟವರು' ಅನ್ನುವುದು ಕೆಟ್ಟ ಆಯ್ಕೆ. ಬಿಡು ಸಕರ್ಮಕ. ಬಿಡುವವನಿಗೆ ಮನಸ್ಸಿರಬೇಕು. ಮೇಲೆ ಬರೆದವರು ಕೊಟ್ಟ ಉದಾಹರಣೆಯನ್ನೇ ತೆಗೆದುಕೊಳ್ಳಿ. ಆ ಮೂರು ತಿಂಗಳಲ್ಲಿ ನೆಟ್‌ಫ್ಲಿಕ್ಸ್ ರಷ್ಯಾದಲ್ಲಿ ಸೇವೆ ನಿಲ್ಲಿಸಿತು, ಅಲ್ಲಿನ 7 ಲಕ್ಷ ಚಂದಾದಾರರು ಲೆಕ್ಕದಿಂದ ಹೋದರು. ಅದನ್ನು ಬಿಟ್ಟು ನೋಡಿದರೆ ಉಳಿದ ಕಡೆ 5 ಲಕ್ಷ ಏರಿಕೆಯೇ ಆಗಿತ್ತು. ಆ 7 ಲಕ್ಷ ಜನ ಏನನ್ನು ಬಿಟ್ಟರು ಸ್ವಾಮಿ? ಕಂಪನಿಯೇ ಅವರನ್ನು ಬಿಟ್ಟಿತು.

ಕಾರ್ಡಿನ ಅವಧಿ ಮುಗಿದು ಹಣ ಕಟ್ ಆಗದೆ ಹೋದವರೂ ಇದ್ದಾರೆ. ಅವರಲ್ಲಿ ಎಷ್ಟೋ ಜನರಿಗೆ ಚಂದಾ ನಿಂತದ್ದೇ ಗೊತ್ತಿರುವುದಿಲ್ಲ. ಅವರೂ ಚರ್ನ್ ಲೆಕ್ಕಕ್ಕೆ ಸೇರುತ್ತಾರೆ.

ಅಕರ್ಮಕ ಬೇಕು. ಉದುರು. ಎಲೆ ಉದುರುತ್ತದೆ, ಕಾಳು ಉದುರುತ್ತದೆ, ಯಾರು ಉದುರಿಸಿದರು ಅಂತ ಹೇಳಬೇಕಾಗಿಲ್ಲ. ಸೋರು ಸೋರಿಕೆ ಆದ ಹಾಗೆ ಉದುರು ಉದುರಿಕೆ. ನಾಲ್ಕೇ ಅಕ್ಷರ, ಕೋಷ್ಟಕದಲ್ಲೂ ಕೂರುತ್ತದೆ.

ಜೊತೆಗೆ 'ಚಂದಾ' ಯಾಕೆ ಹಿಡಿದುಕೊಂಡಿದ್ದೀರಿ? ಅದು ಫಾರಸಿ. ಚಂದ್ ಅಂದರೆ ಎಷ್ಟು, ಕೆಲವು. 'ದಾರ'ವೂ ಫಾರಸಿಯೇ. ನಮ್ಮದು ವಂತಿಗೆ ಇದೆ. ವಂತು ಅಂದರೆ ಪಾಲು, ತೆಲುಗಿನಲ್ಲೂ ಅದೇ. ವಂತಿಗೆ ಉದುರಿಕೆ ಅನ್ನಿ. ಎರಡೂ ಅಚ್ಚಗನ್ನಡ.

ಮರು 5

'ವಂತಿಗೆ ಉದುರಿಕೆ' ಕನ್ನಡವೇ ಅಲ್ಲ. ಉದುರುವವರು ಜನ, ವಂತಿಗೆಯಲ್ಲ.

ಮರು 6

ವಂತಿಗೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಸುಂದರವಾದ ಪದ, ನನಗೂ ಇಷ್ಟ. ಆದರೆ ವಂತಿಗೆ ಅಂದರೆ ಎಲ್ಲರಿಗೂ ಸೇರಿದ ಕೆಲಸಕ್ಕೆ ನನ್ನ ಪಾಲು ಕೊಡುವುದು. ನಾನು ಕೊಡದಿದ್ದರೂ ಊಟದ ಎಲೆ ನನ್ನ ಮುಂದೆ ಬರುತ್ತದೆ. ಚಂದಾ ಹಾಗಲ್ಲ. ಹಣ ಕಟ್ಟದಿದ್ದರೆ ಬಾಗಿಲು ಮುಚ್ಚಿರುತ್ತದೆ. 2011ರ ಮಾರ್ಚಿನಲ್ಲಿ ನ್ಯೂಯಾರ್ಕ್ ಟೈಮ್ಸ್ ತಿಂಗಳಿಗೆ 20 ಲೇಖನ ಪುಕ್ಕಟೆ, ಆಮೇಲೆ ಹಣ ಅಂತ ಮಾಡಿತಲ್ಲ, ಅದು ಚಂದಾ. ಗಾರ್ಡಿಯನ್ ಪತ್ರಿಕೆ ತನ್ನ ವೆಬ್‌ಸೈಟಿನ ಲೇಖನಗಳಿಗೆ ಅಂಥ ಗೋಡೆ ಹಾಕದೆ 'ನಿಮಗೆ ಆದಷ್ಟು ಕೊಡಿ' ಅಂತ ಓದುಗರನ್ನು ಕೇಳುತ್ತದೆ, ಅದು ವಂತಿಗೆ. ಇವೆರಡೂ ಡಿಜಿಟಲ್ ಪತ್ರಿಕೆಗಳು ಹಣ ಹುಟ್ಟಿಸುವ ಎರಡು ಬೇರೆ ದಾರಿ. ನಮ್ಮ ಹತ್ತಿರ ಎರಡಕ್ಕೂ ಎರಡು ಪದ ಸಿದ್ಧವಾಗಿವೆ. ಇಂಥ ಅನುಕೂಲವನ್ನು ಯಾವ ಭಾಷೆ ಕೈಬಿಡುತ್ತದೆ? ಒಂದನ್ನು ಫಾರಸಿ ಅಂತ ಹೊರಗೆ ತಳ್ಳಿದರೆ ನಾಳೆ ಈ ವ್ಯತ್ಯಾಸ ಹೇಳುವುದಕ್ಕೆ ಪದವಿಲ್ಲದೆ ಇಂಗ್ಲಿಷಿಗೆ ಹೋಗಬೇಕಾಗುತ್ತದೆ.

ಹಣದ ಮಾತಿನಲ್ಲಿ ಬಾಕಿ, ಜಮಾ, ವಸೂಲಿ, ರಸೀದಿ ಎಲ್ಲವೂ ಹೊರಗಿನಿಂದ ಬಂದವೇ. ಅವನ್ನು ಕಿತ್ತು ಹಾಕಿ ಒಂದು ಲೆಕ್ಕದ ಪುಸ್ತಕ ಬರೆದು ತೋರಿಸಿ.

ಮರು 7

ಚರ್ನ್ ಅಂತಲೇ ಬರೆಯಿರಿ. ಕಂಪ್ಯೂಟರ್, ಮೊಬೈಲ್ ಬಂದ ಹಾಗೆ ಇದೂ ಬರುತ್ತದೆ. ವ್ಯಾಪಾರ ಸುದ್ದಿ ಬರೆಯುವವರು ದಿನವೆಲ್ಲ ಚರ್ನ್ ಅಂತಲೇ ಮಾತಾಡುತ್ತಾರೆ.

ಮರು 8 (ಮರು 3 ಬರೆದವನೇ)

> ಚರ್ನ್ ಅಂತಲೇ ಬರೆಯಿರಿ

ಮೊಬೈಲ್ ಕೈಯಲ್ಲಿ ಹಿಡಿಯುವ ವಸ್ತು. ವಸ್ತು ಬಂದಾಗ ಹೆಸರೂ ಜೊತೆಗೆ ಬಂತು. ಇದು ಮನುಷ್ಯರು ಮಾಡುವ ಕೆಲಸ. ಚಂದಾ ಬಿಡುವುದು ನಮ್ಮವರಿಗೆ ಹೊಸದಲ್ಲ, ಅದನ್ನು ಪಾಲು ಹಾಕಿ ಎಣಿಸುವುದಷ್ಟೇ ಹೊಸದು. ಕಚೇರಿಯ ಒಳಗಿನವರು ಚರ್ನ್ ಅನ್ನಲಿ, ಅವರಿಗೆ ಅದು ಸಾಕು. ಓದುಗರಿಗೆ ಯಾಕೆ ಹೇರಬೇಕು? ಈ ಲೇಖನ ಅವರ ಬಗ್ಗೆಯೇ ಇದೆ ಅಲ್ವಾ? ಅವರು ಬಿಟ್ಟುಹೋಗುವ ಕಥೆ ಅವರಿಗೇ ಅರ್ಥವಾಗದಿದ್ದರೆ ಹೇಗೆ?

ಪುಟ ತೆರೆದ ಲೆಕ್ಕದ ಮೇಲೆ ಜಾಹೀರಾತಿನ ಹಣ ಬರುತ್ತಿದ್ದ ಕಾಲದಲ್ಲಿ ಈ ಪದ ಸುದ್ದಿಮನೆಗೆ ಬೇಕಾಗಿರಲಿಲ್ಲ. 1994ರ ಅಕ್ಟೋಬರಿನಲ್ಲಿ ಹಾಟ್‌ವೈರ್ಡ್ ತಾಣ ಬ್ಯಾನರ್ ಜಾಹೀರಾತು ಹಾಕಿದಲ್ಲಿಂದ ಬಹುಕಾಲ ಎಣಿಸಿದ್ದು ಬಂದವರನ್ನು ಮಾತ್ರ. ಓದುಗ ಎಲ್ಲಿಗೂ ಸೇರಿರಲಿಲ್ಲ, ಹಾಗಾಗಿ ಬಿಡುವ ಮಾತೇ ಇರಲಿಲ್ಲ. ಈಗ ಉಳಿಸಿಕೊಳ್ಳುವುದೇ ಕಸುಬು. ನ್ಯೂಯಾರ್ಕ್ ಟೈಮ್ಸ್ 2022ರ ಜನವರಿಯಲ್ಲಿ ವರ್ಡ್ಲ್ ಆಟವನ್ನು ಕೊಂಡುಕೊಂಡಿತು. ಸುದ್ದಿ ಓದದ ದಿನವೂ ಆಟಕ್ಕಾದರೂ ಬಂದವರು ಚಂದಾ ಬಿಡುವುದು ಕಡಿಮೆ. ಇದನ್ನೆಲ್ಲ 'ಬಿಡು', 'ಉಳಿ' ಅನ್ನುವ ಎರಡೇ ಧಾತುವಿನಲ್ಲಿ ಹೇಳಬಹುದು.

ರಷ್ಯಾದ ಉದಾಹರಣೆ ಮಾತ್ರ ಸರಿಯಾಗಿ ನಾಟಿತು. ಅಲ್ಲಿ 'ಬಿಟ್ಟವರು' ನಿಲ್ಲುವುದಿಲ್ಲ, ಒಪ್ಪುತ್ತೇನೆ.

ಮರು 9 (ಪ್ರಶ್ನೆ ಕೇಳಿದವಳು)

ಎಲ್ಲರಿಗೂ ತುಂಬಾ ಉಪಕಾರವಾಯಿತು. ಹದಿನೇಳು ಜಾಗದಲ್ಲೂ ಕೂರಿಸಿ ಗಟ್ಟಿಯಾಗಿ ಓದಿ ನೋಡಿದೆ. ಹದಿನಾಲ್ಕು ಕಡೆ 'ಚಂದಾ ಬಿಟ್ಟವರು' ಯಾವ ತೊಡಕೂ ಇಲ್ಲದೆ ಹೊಂದಿತು. ಕೋಷ್ಟಕಕ್ಕೆ 'ಬಿಟ್ಟವರು (ಶೇ.)' ಹಾಕಿ, ಕೆಳಗೆ 'ತಿಂಗಳಿಗೆ' ಅಂತ ಸೇರಿಸಿದ್ದೇನೆ. ಕರಡಿನಲ್ಲಿ ಆ 'ತಿಂಗಳಿಗೆ' ಮೂರು ಕಡೆ ನಿಜವಾಗಿಯೂ ಬಿಟ್ಟುಹೋಗಿತ್ತು.

ಉಳಿದ ಮೂರು ಕಡೆ ಬರುವುದು ಕಾರ್ಡ್ ಕೆಟ್ಟು ಹೋದವರ ಮಾತು. ಅಲ್ಲಿ 'ಬಿಟ್ಟವರು' ಅಂದರೆ ಸುಳ್ಳಾಗುತ್ತದೆ. 'ಹಣ ಕಟ್ ಆಗದೆ ಉದುರಿದವರು' ಅಂತ ಬರೆದಿದ್ದೇನೆ. ಉದುರಿಕೆ ಅಂತ ನಾಮಪದ ಮಾಡಿದರೆ ನನಗೆ ಕೂದಲೇ ನೆನಪಾಗುತ್ತದೆ, ಕ್ರಿಯಾಪದವಾಗಿ ಇಟ್ಟರೆ ಆ ತೊಂದರೆ ಇಲ್ಲ. ವಂತಿಗೆ ಕೂಡ ಒಂದು ಕಡೆ ಬಂದಿದೆ, ಗಾರ್ಡಿಯನ್ ಪ್ರಸ್ತಾಪ ಇರುವ ಪ್ಯಾರಾದಲ್ಲಿ. ಪುಟ ಈಗ ಕಳಿಸುತ್ತಿದ್ದೇನೆ.

ಮರು 10

ಉದುರಿದವರು ಸರಿ. ಆದರೆ 'ಕಟ್ ಆಗದೆ' ಯಾಕೆ? 'ಸಂದಾಯವಾಗದೆ' ಅನ್ನಬಹುದಿತ್ತು.

ಮರು 11

ಸಂದಾಯ ಬೇಡ. ಬ್ಯಾಂಕಿನಿಂದ ಹಣ ಹೋದರೆ ಜನ ಕಟ್ ಆಯಿತು ಅಂತಲೇ ಹೇಳುತ್ತಾರೆ. ಕಳಿಸಿಬಿಡಿ ಮೇಡಂ.