ಸೋಮವಾರದಿಂದ ಆಫೀಸು, ಮಗಳಿಗೆ ಐದೂವರೆ ತಿಂಗಳು. ನಿಮಗೆಲ್ಲ ಹೇಗಾಗಿತ್ತು?

ಕೇಳುತ್ತಿರುವವರು: ಬೆಂಗಳೂರು, ಮೊದಲ ಮಗು

26 ವಾರದ ರಜೆ ಈ ಶುಕ್ರವಾರ ಮುಗಿಯುತ್ತದೆ. ಬಾಟಲಿ ಬಾಯಿಗಿಟ್ಟರೆ ಮಗಳು ನಾಲಿಗೆಯಿಂದ ಆಚೆ ತಳ್ಳುತ್ತಾಳೆ. ಅತ್ತೆ ಊರಿಂದ ಬಂದಿದ್ದಾರೆ, 'ನಾನಿದ್ದೀನಲ್ಲ, ಹೋಗು' ಅನ್ನುತ್ತಾರೆ. ಆದರೂ ರಾತ್ರಿ ನಿದ್ದೆ ಬರುತ್ತಿಲ್ಲ. ಮನೆ ಸಾಲದ ಕಂತು ಇದೆ, ಕೆಲಸ ಬಿಡೋ ಹಾಗಿಲ್ಲ. ನಿಜ ಹೇಳಬೇಕೆಂದರೆ ಬಿಡೋಕೆ ಇಷ್ಟವೂ ಇಲ್ಲ. ಅದಕ್ಕೇ ಜಾಸ್ತಿ ಸಂಕಟ. ದಾಟಿ ಬಂದವರು ಹೇಳಿ. 'ಎಲ್ಲ ಸರಿ ಹೋಗುತ್ತೆ' ಅಂತ ಮಾತ್ರ ಸುಮ್ನೆ ಹೇಳಬೇಡಿ.

ಬೆಂಗಳೂರು, ಮಗಳಿಗೆ ಈಗ 16

2009ರಲ್ಲಿ ನನಗೆ ಹೆರಿಗೆ ಆದಾಗ ಕಂಪನಿಯಲ್ಲಿ ಸಿಕ್ಕಿದ್ದು 12 ವಾರ ಅಷ್ಟೇ. ಕಾನೂನಲ್ಲಿ 26 ಆಗಿದ್ದು 2017ರಲ್ಲಿ. ಮೂರು ತಿಂಗಳೂ ತುಂಬದ ಕೂಸನ್ನು ಅಮ್ಮನ ಮಡಿಲಿಗೆ ಹಾಕಿ ಬಸ್ಸು ಹತ್ತಿದೆ. ಹನ್ನೊಂದು ಗಂಟೆಗೆಲ್ಲ ಎದೆ ಬಿಗಿದು ರವಿಕೆ ಒದ್ದೆ. ಮೇಲೆ ಶಾಲು ಹೊದ್ದು ಕೂತೆ. ಏಪ್ರಿಲ್ ತಿಂಗಳಲ್ಲಿ ಶಾಲು! ಹಾಲು ಹಿಂಡಿ ಚೆಲ್ಲಿದ್ದು ಟಾಯ್ಲೆಟ್ಟಿನ ಸಿಂಕಿಗೆ. ಅಳು ಬಂದಿದ್ದು ಅಲ್ಲಿ.

ಆಮೇಲೆ ಪುಣೆಗೆ ಹೋದರೆ ಮ್ಯಾನೇಜರ್ ಮಾಡುತ್ತೇವೆ ಅಂದರು. ಬೇಡ ಅಂದೆ. ನನ್ನ ಜೊತೆಗೇ ಸೇರಿದ್ದವನು ಹೋದ, ಎರಡು ವರ್ಷಕ್ಕೆ ನನಗೇ ಬಾಸ್ ಆಗಿ ವಾಪಸ್ ಬಂದ. ಅವನ ಮಗುವಿಗೂ ನನ್ನ ಮಗಳದೇ ವಯಸ್ಸು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ, ಸುಳ್ಳು ಯಾಕೆ ಹೇಳಲಿ.

ಆದರೆ ವರ್ಷಗಟ್ಟಲೆ ಕೊರಗಿದ್ದು ಇನ್ನೊಂದಕ್ಕೆ. ಯುಕೆಜಿಯಲ್ಲಿ ಮಗಳು ಒನಕೆ ಓಬವ್ವನ ವೇಷ ಹಾಕಿದ್ದಳು. ಆಡಿಟ್ ಇತ್ತು, ನಾನು ಹೋಗಲಿಲ್ಲ. ಹೋದ ವರ್ಷ ಧೈರ್ಯ ಮಾಡಿ ಆ ಮಾತು ತೆಗೆದೆ. 'ಓಬವ್ವನಾ? ನಾನಾ?' ಅಂದಳು. ನೆನಪೇ ಇಲ್ಲ! ಆಮೇಲೆ ತಾನಾಗಿ ಬೇರೆ ಒಂದು ಹೇಳಿದಳು. ಮನೆಗೆ ಬಂದ ಮೇಲೂ ನಾನು ಫೋನಲ್ಲೇ ಇರುತ್ತಿದ್ದೆ. ಅವಳು ಏನಾದರೂ ಹೇಳೋಕೆ ಬಂದರೆ, ಮುಖ ಕೂಡ ನೋಡದೆ ಒಂದು ಬೆರಳು ಎತ್ತುತ್ತಿದ್ದೆನಂತೆ. ತಾಳು ಅಂತ. 'ಆ ಬೆರಳು ಕಂಡರೆ ಮೈ ಉರೀತಿತ್ತು' ಅಂದಳು, ಎತ್ತಿ ತೋರಿಸಿದಳು. ಥೇಟ್ ನನ್ನ ಹಾಗೇ. ಅದರ ಬಗ್ಗೆ ನಾನು ಒಂದು ದಿನವೂ ಕೊರಗಿರಲಿಲ್ಲ.

ಮನೆಗೆ ಬಂದಾಗ ಫೋನನ್ನು ಚಪ್ಪಲಿ ಸ್ಟ್ಯಾಂಡ್ ಮೇಲೇ ಬಿಟ್ಟು ಒಳಗೆ ಹೋಗಿ. ಅರ್ಧ ಗಂಟೆ ಸಾಕು. ಇನ್ನೊಂದು: 50 ಜನ ಅಥವಾ ಜಾಸ್ತಿ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು ಅಂತ ಕಾನೂನಿದೆ. ಎಚ್‌ಆರ್‌ನವರನ್ನು ಬಾಯಿಮಾತಲ್ಲಿ ಕೇಳಬೇಡಿ, ಮೇಲ್ ಹಾಕಿ.

ಕಲಬುರಗಿ, ನರ್ಸ್, ಎರಡು ಮಕ್ಕಳು

ಬಾಟಲಿ ಬಿಡಿ. ಒಳಲೆ, ಅಂದರೆ ಮಗುವಿಗೆ ಹಾಲು ಕುಡಿಸುವ ಮೂತಿ ಇರುವ ಪುಟ್ಟ ಬಟ್ಟಲು, ಇದೆಯಾ ಮನೆಯಲ್ಲಿ? ನಿಮ್ಮ ಅತ್ತೆಗೆ ಗೊತ್ತಿರುತ್ತದೆ. ಇಲ್ಲದಿದ್ದರೆ ಚಿಕ್ಕ ಚಮಚ. ಆದರೆ ಹಾಲು ಕುಡಿಸುವಾಗ ನೀವು ಮಗುವಿನ ಕಣ್ಣಿಗೆ ಬೀಳಬೇಡಿ, ವಾಸನೆ ಹಿಡಿದರೂ ಹಟ ಮಾಡುತ್ತವೆ. ಹಿಂಡಿದ ಹಾಲು ಫ್ರಿಜ್ಜಿನ ಒಳಭಾಗದಲ್ಲಿ 4 ದಿನ ಇರುತ್ತದೆ, ಬಾಗಿಲಲ್ಲಿ ಇಡಬೇಡಿ. ಹೊರಗಿಟ್ಟರೆ 4 ಗಂಟೆ ಅನ್ನುತ್ತಾರೆ. ನಮ್ಮ ಕಡೆ ಬಿಸಿಲಿಗೆ ಆ ಲೆಕ್ಕ ನಂಬೋ ಹಾಗಿಲ್ಲ! ಒಲೆ ಮೇಲೆ, ಮೈಕ್ರೋವೇವ್‌ನಲ್ಲಿ ಕಾಯಿಸಬೇಡಿ. ಬಿಸಿನೀರಿನ ಬಟ್ಟಲಲ್ಲಿ ಇಟ್ಟರೆ ಸಾಕು.

ಮೈಸೂರು ರಸ್ತೆ, ಗಾರ್ಮೆಂಟ್ಸ್‌ನಲ್ಲಿ ಟೈಲರ್

ನಿಮ್ಮ ಮಗು ರಾತ್ರಿ ನಿಮ್ಮ ಪಕ್ಕದಲ್ಲೇ ಮಲಗುತ್ತೆ ಅಲ್ವಾ? ನನ್ನ ಮಗ ವರ್ಷ ತುಂಬುವ ಮೊದಲೇ ಮದ್ದೂರು ಕಡೆ ನಮ್ಮಮ್ಮನ ಹತ್ತಿರ ಹೋದ. ಫ್ಯಾಕ್ಟರಿಯಲ್ಲಿ ಕ್ರೆಷ್ ಇತ್ತು. ಆದರೆ ಬೆಳಗಿನ ಬಸ್ಸಲ್ಲಿ ನಮಗೇ ನಿಲ್ಲೋಕೆ ಜಾಗ ಇರಲ್ಲ, ಕೂಸು ಎತ್ತಿಕೊಂಡು ಹೇಗೆ ಬರೋದು? ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಬೇರೆ. ಆಮೇಲೆ ಹಳ್ಳಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗೋರ ಮಕ್ಕಳಿಗೆ 'ಕೂಸಿನ ಮನೆ' ಮಾಡಿದರು. ನಮ್ಮಂಥವರ ಬಾಡಿಗೆ ಮನೆ ಹತ್ತಿರವೂ ಅಂಥದ್ದೊಂದು ಇದ್ದಿದ್ದರೆ ಅವನು ಊರಿಗೆ ಹೋಗುತ್ತಲೇ ಇರಲಿಲ್ಲ.

ಮೂರು ವರ್ಷದವನಿದ್ದಾಗ ಯುಗಾದಿಗೆ ಹೋಗಿದ್ದೆ. ಅಜ್ಜಿಯನ್ನು 'ಅವ್ವ, ನೀನು' ಅನ್ನುತ್ತಾನೆ. ನನ್ನ ಹತ್ತಿರ ಬಂದು 'ನೀವು ಯಾವಾಗ ಹೋಯ್ತೀರಾ?' ಅಂತ ಕೇಳಿದ. ನೆಂಟರನ್ನು ಕೇಳೋ ಹಾಗೆ. ಒಬ್ಬಟ್ಟು ಗಂಟಲಲ್ಲಿ ಇಳಿಯಲಿಲ್ಲ.

ಒಂದನೇ ಕ್ಲಾಸಿಗೆ ಇಲ್ಲಿಗೇ ಕರೆತಂದೆವು. 'ನೀವು' ಹೋಗಿ 'ನೀನು' ಬರೋಕೆ ಆರು ತಿಂಗಳು ಹಿಡಿಯಿತು. ಮೊದಲ ಸಲ ಅಂದಿದ್ದೂ ಜಗಳದಲ್ಲೇ, 'ನೀನು ಹೋಗತ್ಲಾಗೆ' ಅಂತ. ಬೈಸಿಕೊಂಡು ಖುಷಿಪಟ್ಟ ತಾಯಿ ನಾನೇ ಇರಬೇಕು.

ಶಿರಸಿ ಕಡೆಯ ಅಜ್ಜಿ, ಸದ್ಯ ಬೆಂಗಳೂರಿನ ಎಂಟನೇ ಮಹಡಿ

ಎಲ್ಲರೂ ತಾಯಿ, ಮಗುವಿನ ಲೆಕ್ಕ ಹೇಳಿದಿರಿ. ನಮ್ಮದೂ ಸ್ವಲ್ಪ ಕೇಳಿ. ಊರಲ್ಲಿ ಅಡಿಕೆ ಕೊಯ್ಲು, ನಮ್ಮ ಯಜಮಾನರು ಒಬ್ಬರೇ ಬೇಯಿಸಿಕೊಂಡು ಉಣ್ಣುತ್ತಿದ್ದಾರೆ. ನಾನು ಇಲ್ಲಿ ಮೊಮ್ಮಗನ ಹಿಂದೆ. ಮಗಳು ಆಫೀಸಿಂದ ಹತ್ತು ಸಲ ಫೋನ್ ಮಾಡಿ 'ತಿಂದನಾ, ಮಲಗಿದನಾ' ಅಂತ ಕೇಳುತ್ತಾಳೆ. 'ಅಮ್ಮಾ, ನಿನ್ನ ಮಂಡಿನೋವು ಹೇಗಿದೆ' ಅನ್ನೋದು ಮರೆತುಹೋಗುತ್ತದೆ. ದೂರಲ್ಲ, ಖುಷಿಯಿಂದಲೇ ಬಂದವಳು. ನನಗೆ ಟೀಚರ್ ತರಬೇತಿಯ ಟಿಸಿಎಚ್ ಸೀಟು ಸಿಕ್ಕಿದ್ದರೂ ಅಪ್ಪ ಕಳಿಸಿರಲಿಲ್ಲ. ಮಗಳು ಕೆಲಸ ಬಿಡೋದು ನನಗೇ ಬೇಡ. ಆದರೆ ನಿಮ್ಮ ಅತ್ತೆ 'ನಾನಿದ್ದೀನಲ್ಲ' ಅಂದರು ಅಂತ ಅಷ್ಟಕ್ಕೇ ಬಿಡಬೇಡಿ. ಭಾನುವಾರ ಮಗುವನ್ನು ನೀವು, ನಿಮ್ಮ ಗಂಡ ನೋಡಿಕೊಳ್ಳಿ. ಅವರು ಎಂಟು ಗಂಟೆವರೆಗೆ ಮಲಗಲಿ.

ಮತ್ತೆ ನಾನೇ, ಕೇಳಿದವಳು

ಅತ್ತೆಗೆ ಎಲ್ಲ ಓದಿ ಹೇಳಿದೆ. ಕೊನೆಯದನ್ನು ಎರಡು ಸಲ ಓದಿಸಿದರು. 'ಯಾಕೆ, ಶನಿವಾರ ನಿಮಗೆ ರಜೆ ಇಲ್ವಾ?' ಅಂದರು. ಗಂಡ ಒಳಲೆ ಹುಡುಕಿಕೊಂಡು ಚಿಕ್ಕಪೇಟೆಗೆ ಹೋಗಿದ್ದಾರೆ.