ಕೆರೆಯಲ್ಲಿ ಬಾತು ಎಣಿಸಲು ಸ್ಪೀಕರ್‌ನಲ್ಲಿ ಕೂಗು ಹಾಕಬಹುದೇ?

ಕೆರೆಏರಿ: ಜನವರಿಯ ನೀರುಹಕ್ಕಿ ಗಣತಿಗೆ ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಹೋಗಬೇಕು. ಬಾತುಗಳು ನಡುನೀರು ಬಿಟ್ಟು ಬರೋದಿಲ್ಲ, ಅಂಚಿನ ಆಪಿನಲ್ಲಿ (ಜೊಂಡುಹುಲ್ಲಿನಲ್ಲಿ) ಏನಿದೆ ಅಂತಲೂ ಕಾಣೋದಿಲ್ಲ. ಬ್ಲೂಟೂತ್ ಸ್ಪೀಕರ್‌ನಲ್ಲಿ ಹಕ್ಕಿಗಳ ರೆಕಾರ್ಡ್ ಮಾಡಿದ ಕೂಗು ಹಾಕಿದರೆ ಹತ್ತಿರ ಬರುತ್ತವೆಯೇ?

ತೂಬು: ಬಾತುಗಳಿಗೆ ಬೇಡ. ವಲಸೆ ಬಾತುಗಳು ಹಗಲು ನಡುನೀರಲ್ಲಿ ದಣಿವಾರಿಸಿಕೊಂಡು, ಕತ್ತಲಾದ ಮೇಲೆ ಗದ್ದೆ, ತೆಳುನೀರಿಗೆ ಮೇಯಲು ಹೋಗುತ್ತವೆ. ಹಗಲಲ್ಲಿ ಕೂಗು ಕೇಳಿಸಿ ದಡಕ್ಕೆ ಕರೆಯೋದು ಅವುಗಳ ದಿನಚರಿಗೇ ವಿರುದ್ಧ. ಬೆದರಿ ಎದ್ದ ಗುಂಪು ಪಕ್ಕದ ಕೆರೆಗೆ ಇಳಿದರೆ ಅಲ್ಲಿನ ತಂಡದ ಲೆಕ್ಕಕ್ಕೂ ಸೇರುತ್ತದೆ. ಬಾತು ಶಿಕಾರಿಗೆ ಅನುಮತಿ ಇರುವ ಅಮೆರಿಕದಲ್ಲೇ ರೆಕಾರ್ಡ್ ಮಾಡಿದ ಕೂಗು ಹಾಕಿ ಬಾತು ಹೊಡೆಯುವಂತಿಲ್ಲ, ಬಾಯಲ್ಲಿ ಊದುವ ಪೀಪಿ ಮಾತ್ರ. 20ರಿಂದ 60 ಪಟ್ಟು ದೊಡ್ಡದಾಗಿ ತೋರಿಸುವ ಸ್ಪಾಟಿಂಗ್ ಸ್ಕೋಪ್ (ಹಕ್ಕಿ ನೋಡುವ ದೂರದರ್ಶಕ) ತನ್ನಿ, ಬೆಳಗ್ಗೆ ಪೂರ್ವದ ದಡದಲ್ಲಿ ನಿಂತು ಬಿಸಿಲು ಬೆನ್ನಿಗೆ ಇರಲಿ. ಹತ್ತು ಹಕ್ಕಿಯ ಗುಂಪು ಎಷ್ಟು ಜಾಗ ಹಿಡಿಯುತ್ತದೆಂದು ಕಣ್ಣಿಗೆ ಕೂರಿಸಿಕೊಂಡು, ಆ ಅಳತೆಯಲ್ಲಿ ಎಣಿಸುತ್ತಾ ಹೋಗಿ. ಇಬ್ಬರು ಬೇರೆ ಬೇರೆ ಎಣಿಸಿ ತಾಳೆ ನೋಡಿ.

ಜೊಂಡು: ಆಪಿನೊಳಗೆ ಅಡಗುವ ಹುಂಡುಕೋಳಿ ಜಾತಿಯವಕ್ಕೆ ಮಾತ್ರ ಕೂಗು ನಿಜಕ್ಕೂ ಉಪಯೋಗ, ಅಳತೆ ಮೀರಬಾರದು ಅಷ್ಟೇ. ಉತ್ತರ ಅಮೆರಿಕದ ಜವುಗುಹಕ್ಕಿ ಗಣತಿಯ ಕ್ರಮ ಒಳ್ಳೆಯದು: ಮೊದಲು 5 ನಿಮಿಷ ಸುಮ್ಮನೆ ಕಿವಿಗೊಡಿ. ಆಮೇಲೆ ಒಂದು ಜಾತಿಯ ಕೂಗು 30 ಸೆಕೆಂಡು, ಮೌನ 30 ಸೆಕೆಂಡು, ನಂತರ ಮುಂದಿನ ಜಾತಿ. ಶಬ್ದ ಒಂದು ಮೀಟರ್ ದೂರದಲ್ಲಿ 80ರಿಂದ 90 ಡೆಸಿಬಲ್. ಒಂದು ಜಾಗದಿಂದ ಇನ್ನೊಂದಕ್ಕೆ 400 ಮೀಟರ್ ಅಂತರ. ಉತ್ತರ ಬಂದ ತಕ್ಷಣ ನಿಲ್ಲಿಸಿ.

ಜನವರಿಯಲ್ಲಿ ಇವು ಹೆಚ್ಚು ಉತ್ತರ ಕೊಡೋದಿಲ್ಲ, ಮೌನ ಇದ್ದರೆ ಹಕ್ಕಿ ಇಲ್ಲ ಎಂದು ಬರೆಯಬೇಡಿ. ಕೂಗಿಗೆ ಸಿಕ್ಕವನ್ನು ಬೇರೆ ಕಾಲಂನಲ್ಲೇ ಬರೆಯಿರಿ, ಕಣ್ಣಲ್ಲಿ ಕಂಡ ಎಣಿಕೆಗೆ ಸೇರಿಸಬೇಡಿ. ಮಳೆಗಾಲದಲ್ಲಿ ಗೂಡಿರುವಾಗ ಬೇಡವೇ ಬೇಡ. ಎದುರಾಳಿ ಬಂತೆಂದು ಮೊಟ್ಟೆ ಬಿಟ್ಟು ಎದ್ದು ಬರುತ್ತವೆ.

ಕೆರೆಏರಿ: ಸ್ಪೀಕರ್ ವಿಷಯದಲ್ಲಿ ಏನು ಎಚ್ಚರ?

ಜೊಂಡು: ಆನ್ ಮಾಡಿದಾಗ, ಫೋನಿಗೆ ಜೋಡಿಸಿದಾಗ ಅದು ಹೊಡೆಯುವ "ಟ್ರಿಂಗ್" ಆಪಿನ ಅಂಚಿನಲ್ಲಿ ಎಲ್ಲ ಕೆಡಿಸುತ್ತದೆ. ಏರಿ ಹತ್ತುವ ಮೊದಲೇ ಆನ್ ಮಾಡಿ, ಸಾಧ್ಯವಾದರೆ ವೈರಿನಲ್ಲೇ ಜೋಡಿಸಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ರಿಂಗ್‌ಟೋನ್ ಕೂಡ ಸ್ಪೀಕರ್‌ನಲ್ಲೇ ಬರುತ್ತದೆ. ಫೈಲ್ ಇಳಿಸಿಕೊಂಡಿರಿ, ನೆಟ್‌ನಿಂದ ಹಾಕಿದರೆ ನಡುವೆ ಜಾಹೀರಾತು. ಹಿನ್ನೆಲೆಯಲ್ಲಿ ಬೇರೆ ಹಕ್ಕಿ ಕೂಗುವ ರೆಕಾರ್ಡಿಂಗ್ ತೆಗೆದುಹಾಕಿ. ಸ್ಪೀಕರನ್ನು ಕಲ್ಲಿನ ಮೇಲೆ ಎತ್ತರಿಸಿ, ಆಪಿನ ಕಡೆಗೇ ತಿರುಗಿಸಿ, ನಡುನೀರಿನ ಕಡೆಗೆ ಬೇಡ.

ಕೋಡಿ: ಒಂದು ಮಾತು ಸೇರಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಲ್ಲುವುದಷ್ಟೇ ಅಲ್ಲ, ಬಲೆ ಒಡ್ಡುವುದು, ಅಟ್ಟುವುದು, ಆಮಿಷ ತೋರುವುದೂ ಬೇಟೆಯೇ. ಹಾಗಾಗಿ ಗಣತಿಗೆ ಮೊದಲೇ ಅರಣ್ಯ ಇಲಾಖೆಗೆ ತಿಳಿಸಿ, ಯಾವ ದಿನ, ಯಾವ ಜಾಗದಲ್ಲಿ ಕೂಗು ಹಾಕುತ್ತೀರಿ ಎಂದು ಬರವಣಿಗೆಯಲ್ಲಿ ಕೊಡಿ. ಊರವರಿಗೂ ಹೇಳಿ, ಯಾಕೆಂದರೆ ಕತ್ತಲಲ್ಲಿ ಕೂಗು ಹಾಕಿ ಬಲೆ ಹಿಡಿದು ಕೂರುವ ಕಳ್ಳಬೇಟೆಗಾರರ ಸಾಮಾನೂ ಇದೇ. ಆಪಿನಲ್ಲಿ ಬಿಟ್ಟುಹೋದ ಸ್ಪೀಕರ್, ಗೂಟಕ್ಕೆ ಕಟ್ಟಿದ ನೈಲಾನ್ ಬಲೆ ಕಂಡರೆ ಕೈ ಹಾಕಬೇಡಿ. ಫೋಟೊ ತೆಗೆದು, ಜಾಗದ ಲೊಕೇಶನ್ ಉಳಿಸಿಕೊಂಡು ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.