ಬಿಸಿಲಿಗೆ ಸುಟ್ಟ ಭುಜ: ಮೊಸರೋ, ಲೋಳೆಸರವೋ, ಕೊಬ್ಬರಿ ಎಣ್ಣೆಯೋ?

ಹಾಸನದಕ್ಕ (ಪ್ರಶ್ನೆ)

ಮಗನಿಗೆ 14 ವರ್ಷ, 48 ಕಿಲೋ. ನಿನ್ನೆ ಮಲ್ಪೆ ಬೀಚಲ್ಲಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ ಅಂಗಿ ಬಿಚ್ಚಿ ಆಡಿದ್ದಾನೆ. ಸಂಜೆವರೆಗೆ ಏನೂ ಕಾಣಲಿಲ್ಲ. ರಾತ್ರಿ ನೋಡಿದರೆ ಭುಜ, ಬೆನ್ನಿನ ಮೇಲ್ಭಾಗ, ಮೂಗು ಎಲ್ಲ ಕಾದ ಹೆಂಚಿನ ಹಾಗೆ ಬಿಸಿ, ಮುಟ್ಟಲು ಬಿಡುವುದಿಲ್ಲ. ಗುಳ್ಳೆ ಎದ್ದಿಲ್ಲ, ಜ್ವರ ಇಲ್ಲ. ಅತ್ತೆ ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ, ನಾದಿನಿ ಮೊಸರಿಗೆ ನಿಂಬೆರಸ ಹಿಂಡಿ ಹಚ್ಚು ಅಂತಾಳೆ. ಹಿತ್ತಲಲ್ಲಿ ಲೋಳೆಸರ ಇದೆ. ಯಾವುದು ಮೊದಲು, ಯಾವುದು ಬೇಡವೇ ಬೇಡ?

ಮಾತ್ರೆಡಬ್ಬಿ

ಅಕ್ಕಾ, ಮೊದಲು ಆ ನಿಂಬೆಹಣ್ಣನ್ನು ಅಡುಗೆಮನೆಗೆ ವಾಪಸ್ ಕಳಿಸಿ. ಸುಟ್ಟ ಚರ್ಮದ ಮೇಲೆ ಹುಳಿ ಉರಿಸುತ್ತದೆ, ಅದು ಒಂದು. ಅದಕ್ಕಿಂತ ಕೆಟ್ಟದ್ದು, ನಿಂಬೆಯಲ್ಲಿರುವ ಸೋರಾಲೆನ್ ಎಂಬ ವಸ್ತು ಬಿಸಿಲು ತಾಗಿದಾಗ ಚರ್ಮವನ್ನು ಮತ್ತೆ ಸುಡುತ್ತದೆ. ರಸ ಹರಿದ ಗೆರೆಯಲ್ಲೇ ಗುಳ್ಳೆ ಏಳುತ್ತದೆ, ಆಮೇಲೆ ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಅಡುಗೆ ಸೋಡ, ವಿನೆಗರ್, ಟೂತ್‌ಪೇಸ್ಟ್ ಕೂಡ ಬೇಡ. ಅರಿಶಿನವೂ ಬೇಡ. ಹಳದಿ ಬಣ್ಣ ಕೂತರೆ ಕೆಂಪು ಹೆಚ್ಚಾಯಿತೋ ಕಡಿಮೆಯಾಯಿತೋ ಗೊತ್ತೇ ಆಗುವುದಿಲ್ಲ.

ಬಿಸಿಲಿನ ಸುಡುವಿಕೆ ತಡವಾಗಿ ಕಾಣಿಸಿಕೊಳ್ಳುತ್ತದೆ. 3ರಿಂದ 6 ಗಂಟೆ ಕಳೆದ ಮೇಲೆ ಶುರು, 12ರಿಂದ 24 ಗಂಟೆಯೊಳಗೆ ಜೋರು. ಹಾಗಾಗಿ ಇವತ್ತು ಮಧ್ಯಾಹ್ನದವರೆಗೆ ಇನ್ನಷ್ಟು ಏರಿದರೆ ಹಚ್ಚಿದ್ದು ತಪ್ಪಾಯಿತು ಅಂದುಕೊಳ್ಳಬೇಡಿ. ಮೊದಲ ದಿನದ ಕೆಲಸ ಎರಡೇ: ಕಾವು ತೆಗೆಯುವುದು, ನೀರು ಕುಡಿಸುವುದು.

ಕಾವು ತೆಗೆಯಲು ತಣ್ಣೀರು ಸಾಕು, ಐಸ್ ಬೇಡ. ಐಸ್ ಇಟ್ಟರೆ ಚರ್ಮ ಜೋಮು ಹಿಡಿದು, ಮೇಲಿನ ಪದರಕ್ಕೆ ಇನ್ನೂ ಪೆಟ್ಟಾಗುವುದು ತಿಳಿಯುವುದೇ ಇಲ್ಲ. ಮಧ್ಯಾಹ್ನ ಟ್ಯಾಂಕಿನಿಂದ ಬರುವ ನಲ್ಲಿ ನೀರೂ ಉಪಯೋಗವಿಲ್ಲ, ಅದೇ ಬಿಸಿ ಇರುತ್ತದೆ. ಬೆಳಿಗ್ಗೆಯೇ ಬಕೆಟಿನಲ್ಲಿ ಹಿಡಿದು ಒಳಗೆ ನೆರಳಲ್ಲಿಡಿ. ಹಳೇ ಹತ್ತಿ ಪಂಚೆಯ ತುಂಡನ್ನು ಎರಡು ಮಡಿಕೆ ಮಾಡಿ, ಅದ್ದಿ, ನೀರು ತೊಟ್ಟಿಕ್ಕದಷ್ಟು ಮಾತ್ರ ಹಿಂಡಿ ಭುಜದ ಮೇಲೆ ಹಾಸಿ. ನಾಲ್ಕೈದು ನಿಮಿಷಕ್ಕೆ ಬಟ್ಟೆಯೇ ಬೆಚ್ಚಗಾಗುತ್ತದೆ, ಆಗ ಬದಲಿಸಿ. ಹೀಗೆ 15 ನಿಮಿಷ, ದಿನಕ್ಕೆ ನಾಲ್ಕೈದು ಸಲ. ಟರ್ಕಿ ಟವಲ್ ಬೇಡ, ಅದರ ಎಳೆ ಗೀರುತ್ತದೆ. ಸುಟ್ಟ ಜಾಗಕ್ಕೆ ಸೋಪು ಬೇಡ.

ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು. ಮಕ್ಕಳಿಗೆ ಕಿಲೋಗೆ 10ರಿಂದ 15 ಮಿ.ಗ್ರಾಂ ಲೆಕ್ಕ, 48 ಕಿಲೋಗೆ 500ರ ಒಂದು ಮಾತ್ರೆ ಸರಿಹೋಗುತ್ತದೆ. ಆರು ಗಂಟೆ ಬಿಟ್ಟು ಇನ್ನೊಂದು, ದಿನಕ್ಕೆ ನಾಲ್ಕು ಮೀರಬಾರದು. ಆಸ್ಪಿರಿನ್ ಈ ವಯಸ್ಸಿಗೆ ಕೊಡಬೇಡಿ.

ಹಿತ್ತಲಗಿಡ

ಲೋಳೆಸರದಲ್ಲಿ ಎಲ್ಲರೂ ಎಡವುವುದು ಹಳದಿ ಹಾಲಿನಲ್ಲಿ. ಸಿಪ್ಪೆಗೂ ಲೋಳೆಗೂ ನಡುವೆ ಇರುವ ಆ ಕಹಿ ರಸ ಮೈಗೆ ತಾಗಿದರೆ ಕೆಲವರಿಗೆ ತುರಿಕೆ, ದದ್ದು. ಆಮೇಲೆ "ಲೋಳೆಸರ ನಮಗೆ ಆಗಿಬರಲ್ಲ" ಅಂತ ಗಿಡಕ್ಕೆ ದೂರು.

ಬುಡದ ಹೊರಸುತ್ತಿನ ದಪ್ಪ ಎಲೆ ತೆಗೆದುಕೊಳ್ಳಿ. ಕತ್ತರಿಸಿದ ತುದಿ ಕೆಳಗೆ ಬರುವಂತೆ ಲೋಟದಲ್ಲಿ 15–20 ನಿಮಿಷ ನಿಲ್ಲಿಸಿ. ತಳದಲ್ಲಿ ಹಳದಿ ರಸ ಇಳಿದಿರುತ್ತದೆ, ಚೆಲ್ಲಿ. ಎರಡೂ ಅಂಚಿನ ಮುಳ್ಳು ಹೆರೆದು, ಚಪ್ಪಟೆ ಬದಿಯ ಸಿಪ್ಪೆ ತೆಗೆದು, ಲೋಳೆಯನ್ನು ಚಮಚದಲ್ಲಿ ತೋಡಿ. ಗಾಜಿನಂತೆ ತಿಳಿಯಾಗುವವರೆಗೆ ಎರಡು ಮೂರು ನೀರಲ್ಲಿ ತೊಳೆಯಿರಿ. ಮಿಕ್ಸಿಗೆ ಹಾಕಬೇಡಿ, ನೊರೆಯಾಗಿ ನೀರಾಗಿ ಮೈಮೇಲೆ ನಿಲ್ಲುವುದಿಲ್ಲ. ಚಮಚದ ಹಿಂಬದಿಯಿಂದ ಕಿವುಚಿದರೆ ಸಾಕು.

ಮೊದಲು ಮೊಣಕೈ ಒಳಮಡಿಕೆಯಲ್ಲಿ ಸ್ವಲ್ಪ ಹಚ್ಚಿ ಅರ್ಧ ಗಂಟೆ ನೋಡಿ. ತೊಂದರೆ ಇಲ್ಲದಿದ್ದರೆ, ಒದ್ದೆ ಬಟ್ಟೆ ತೆಗೆದ ಕೂಡಲೇ ತೆಳ್ಳಗೆ ಸವರಿ, ಉಜ್ಜಬೇಡಿ. ಒಣಗಿ ಚರ್ಮ ಬಿಗಿದಂತೆ ಅನ್ನಿಸಿದರೆ ನೀರಿನಿಂದ ತೊಳೆದು ಮತ್ತೆ ಹಚ್ಚಿ. ಉಳಿದದ್ದು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿ ಎರಡು ದಿನ ಇರುತ್ತದೆ, ಕಂದು ತಿರುಗಿದರೆ ಬಿಸಾಡಿ. ಅಂಗಡಿ ಜೆಲ್ ತರುವುದಾದರೆ ಹಿಂಬದಿ ಓದಿ: ಆಲ್ಕೋಹಾಲ್, ಸುಗಂಧ ಇದ್ದರೆ ಉರಿಯುತ್ತದೆ. ಕಡು ಹಸಿರು ಬಣ್ಣವಂತೂ ಬಣ್ಣದ ಡಬ್ಬಿಯದ್ದೇ, ಲೋಳೆಗೆ ಬಣ್ಣವೇ ಇಲ್ಲ.

ಕಡಲತಡಿ

ಮೊಸರಿನ ಬಗ್ಗೆ ನನ್ನದು ಅರ್ಧ ಮನಸ್ಸು ಮಾರಾಯ್ರೆ. ಅದರಲ್ಲಿ ಕೆಲಸ ಮಾಡುವುದು ಬಹುಮಟ್ಟಿಗೆ ಅದರ ತಂಪೇ. ಹಚ್ಚಲೇಬೇಕೆಂದರೆ ಇವತ್ತು ಹೆಪ್ಪಾದ ಸಿಹಿ ಮೊಸರು, ಬಟ್ಟೆಗೆ ಸವರಿ 10 ನಿಮಿಷ, ಒಣಗುವ ಮೊದಲೇ ತೊಳೆಯುವುದು. ಮೊನ್ನೆಯ ಹುಳಿ ಮೊಸರು ಉರಿ ತರುತ್ತದೆ, ಒಣಗಿದ ಮೊಸರು ಚರ್ಮ ಎಳೆಯುತ್ತದೆ. ಗಂಧ, ಮುಲ್ತಾನಿ ಮಿಟ್ಟಿಯ ತೊಂದರೆಯೂ ಅದೇ: ಹಚ್ಚಿದಾಗ ಹಿತ, ಒಣಗಿದಾಗ ಇರುವ ತೇವವನ್ನೂ ಹೀರಿ ಬಿರಿಯುತ್ತದೆ. ಅದಕ್ಕಿಂತ ಆ ಮೊಸರನ್ನು ಉಪ್ಪು ಹಾಕಿ ನೀರು ಮಜ್ಜಿಗೆ ಮಾಡಿ ಕುಡಿಸಿ. ಎಳನೀರೂ ಆದೀತು. ಮೂತ್ರ ತಿಳಿ ಹಳದಿಗೆ ಬರುವವರೆಗೆ ಕುಡಿಯುತ್ತಲೇ ಇರಲಿ.

ಬೆನ್ನಿನಂಥ ಅಗಲ ಜಾಗಕ್ಕೆ ಓಟ್ಸ್ ನೀರು ಒಳ್ಳೆಯದು. ಮಸಾಲೆ ಇಲ್ಲದ ಸಾದಾ ಓಟ್ಸ್ ಅರ್ಧ ಕಪ್, ಮಿಕ್ಸಿಯಲ್ಲಿ ಮೈದಾದಷ್ಟು ನುಣ್ಣಗೆ. ಒಂದು ಚಮಚ ಲೋಟದ ನೀರಿಗೆ ಹಾಕಿ ಕಲಕಿದರೆ ಹಾಲಿನಂತೆ ಬೆಳ್ಳಗಾಗಬೇಕು, ತಳದಲ್ಲಿ ಕೂತರೆ ಇನ್ನೊಂದು ಸುತ್ತು ತಿರುಗಿಸಿ. ಅರ್ಧ ಬಕೆಟ್ ತಣ್ಣೀರಿಗೆ ಬೆರೆಸಿ ಚೊಂಬಿನಲ್ಲಿ ಭುಜದಿಂದ ನಿಧಾನ ಇಳಿಬಿಡಿ. ಕೊನೆಗೆ ಬೇರೆ ನೀರು ಹಾಕಬೇಡಿ, ಬಟ್ಟೆ ಒತ್ತಿ ಒರೆಸಿ. ಬಚ್ಚಲು ನೆಲ ಲೋಳೆಯಂತೆ ಜಾರುತ್ತದೆ, ಮಗುವನ್ನು ಸ್ಟೂಲ್ ಮೇಲೆ ಕೂರಿಸಿಯೇ ಮಾಡಿ.

ಹಾಸನದಕ್ಕ

ಬಟ್ಟೆ ಹಾಕಿದ ಮೇಲೆ ಸ್ವಲ್ಪ ಸುಮ್ಮನಾಗಿದ್ದಾನೆ. ಎರಡು ವಿಷಯ. ಅತ್ತೆಯ ಕೊಬ್ಬರಿ ಎಣ್ಣೆಗೆ ಏನು ಹೇಳಲಿ? ಇನ್ನೊಂದು, ಮೊಡವೆಗೆ ಡಾಕ್ಟರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟು ಎರಡು ವಾರವಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಜೊತೆಗೆ ಬಂದ ಹುಡುಗರಿಗೆ ಇಷ್ಟು ಆಗಿಲ್ಲ.

ಮಾತ್ರೆಡಬ್ಬಿ

ಇದೆ ಅಕ್ಕಾ, ನೇರ ಸಂಬಂಧ ಇದೆ. ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಇವತ್ತೇ ಆ ಡಾಕ್ಟರಿಗೆ ಫೋನ್ ಮಾಡಿ, ಮುಂದುವರಿಸುವುದೋ ಬದಲಿಸುವುದೋ ಅವರೇ ಹೇಳಲಿ. ಮೊಡವೆಗೆ ರೆಟಿನಾಯ್ಡ್ ಅಥವಾ ಬೆಂಜಾಯ್ಲ್ ಪೆರಾಕ್ಸೈಡ್ ಕ್ರೀಮೂ ಇದ್ದರೆ ಮೂಗು ಆರುವವರೆಗೆ ಅದನ್ನು ಹಚ್ಚಬಹುದೇ ಅಂತಲೂ ಕೇಳಿಬಿಡಿ. ಮನೆಯಲ್ಲಿ ಯಾವುದೋ ಕಾಲದ ಸ್ಟಿರಾಯ್ಡ್ ಟ್ಯೂಬ್ ಬಿದ್ದಿದ್ದರೆ ಅದನ್ನು ಮುಖಕ್ಕೆ ಹಚ್ಚುವ ಯೋಚನೆ ಬೇಡ.

ಅತ್ತೆಯವರ ಮಾತು ತಪ್ಪಲ್ಲ, ದಿನ ತಪ್ಪು. ಚರ್ಮ ಇನ್ನೂ ಕಾಯುತ್ತಿರುವಾಗ ಎಣ್ಣೆ, ತುಪ್ಪ, ವ್ಯಾಸಲೀನ್ ಹಚ್ಚಿದರೆ ಕಾವು ಹೊರಗೆ ಹೋಗದೆ ಒಳಗೇ ಕೂರುತ್ತದೆ. ಮೂರನೇ ದಿನ, ಕೈಯಿಟ್ಟರೆ ಬಿಸಿ ಇಲ್ಲ, ಬರೀ ಬಿಗಿತ ಇದೆ ಅನ್ನಿಸಿದಾಗ ಸ್ನಾನವಾದ ಕೂಡಲೇ ಒದ್ದೆ ಮೈಗೆ ನಾಲ್ಕೈದು ಹನಿ ಸವರಲಿ. ಆಗ ಅದೇ ಎಣ್ಣೆ ತೇವ ಹಿಡಿದಿಡುತ್ತದೆ.

ದೊಡ್ಡ ಗುಳ್ಳೆಗಳು, 101 ಡಿಗ್ರಿ ದಾಟಿದ ಜ್ವರ, ನಡುಕ, ವಾಂತಿ, ತಲೆಸುತ್ತು, ಮಂಕು, ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ. ಗುಳ್ಳೆ ಚುಚ್ಚಬೇಡಿ, ಅದರ ಮೇಲೆ ಲೋಳೆಸರವೂ ಬೇಡ, ಮೊಸರೂ ಬೇಡ.

ಹಿತ್ತಲಗಿಡ

ನಾಲ್ಕೈದು ದಿನಕ್ಕೆ ಭುಜದಲ್ಲಿ ಸಿಪ್ಪೆ ಏಳುತ್ತದೆ. ಹುಡುಗರು ಅದನ್ನು ಹಾಳೆಯಂತೆ ಎಳೆಯಲು ನೋಡುತ್ತಾರೆ, ಬಿಡಬೇಡಿ. ಎದ್ದ ಅಂಚನ್ನಷ್ಟೇ ಚಿಕ್ಕ ಕತ್ತರಿಯಲ್ಲಿ ಕತ್ತರಿಸಿ. ಎಳೆದರೆ ಇನ್ನೂ ಮಾಗದ ಚರ್ಮವೂ ಜೊತೆಗೆ ಬರುತ್ತದೆ. ಸಿಪ್ಪೆ ಪೂರ್ತಿ ಹೋಗುವವರೆಗೆ ಸ್ಕೂಲ್ ಬ್ಯಾಗ್ ಭುಜಕ್ಕೆ ಬೇಡ, ಕೈಯಲ್ಲಿ ಹಿಡಿಯಲಿ. ಸಡಿಲ ಹತ್ತಿ ಅಂಗಿ, ಕಾಲರ್ ಇರುವುದೇ ಇರಲಿ, ಇಲ್ಲದಿದ್ದರೆ ಕತ್ತಿನ ಹಿಂಬದಿ ಮತ್ತೆ ಸುಡುತ್ತದೆ.